ಬೆಳಕು ಹೊಡೆದ ಕಣ್ಣಿಗೆ ಎರಡು ಹನಿ

ಕಬ್ಬಿಣದ ಕೆಲಸದವರ ಆ ಬೀದಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಕಿಡಿ ಎಂದು. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಗೇಟು, ಕಿಟಕಿಯ ಸರಳು, ಮೆಟ್ಟಿಲಿನ ಕಟಕಟೆ, ಇವನ್ನು ಬೆಸೆಯುವುದು ಅವನ ಕಸುಬು. ಕೋಪ ಮೂಗಿನ ತುದಿಯಲ್ಲೇ. ಗಿರಾಕಿ ಬಂದು ಅಳತೆ ಬದಲಾಯಿಸಿದರೆ ಸಾಕು, "ಏನ್ ಸಾರ್, ನಿಮ್ಮನೆ ಗೋಡೆ ನಿನ್ನೆಯಿಂದ ಬೆಳೀತಾ ಇದೆಯಾ?" ಎಂದು ಮುಖದ ಮೇಲೆ ಕೇಳಿಬಿಡುವ ಆಸಾಮಿ. ಆದರೂ ಗಿರಾಕಿಗಳು ಬೇರೆ ಕಡೆ ಹೋಗುತ್ತಿರಲಿಲ್ಲ. ಅವನು ಬೆಸೆದ ಗೇಟು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಮುಂದೆ ಶೆಡ್ಡು, ಹಿಂದೆ ಮನೆ. ಮನೆಯೆಂದರೆ ಎರಡು ಕೋಣೆ, ಒಂದು ಇಕ್ಕಟ್ಟಾದ ಅಡುಗೆಮನೆ, ಶೆಡ್ಡಿಗೂ ಮನೆಗೂ ನಡುವೆ ಒಂದು ಸಣ್ಣ ಕಿಟಕಿ. ಅಲ್ಲಿ ಇದ್ದದ್ದು ಮೂರೇ ಜೀವ: ಕಿಡಿ, ಅವನ ಅತ್ತಿಗೆ, ಮಸಿ ಅನ್ನುವ ಒಂದು ಕರಿಬೆಕ್ಕು. ಅಣ್ಣ ತೀರಿಕೊಂಡು ವರ್ಷ ಕಳೆದಿತ್ತು.

ಅತ್ತಿಗೆ ಈ ಮನೆಗೆ ಬಂದಾಗ ಕಿಡಿ ಇನ್ನೂ ಚಡ್ಡಿ ಹಾಕುವ ಹುಡುಗ. ತಾಯಿಯಿಲ್ಲದ ಅವನ ತಲೆಗೆ ಎಣ್ಣೆ ಹಚ್ಚಿ, ಹೇನು ತೆಗೆದು, ಬೈದು, ಉಣ್ಣಿಸಿ ಬೆಳೆಸಿದವರು ಅವರೇ. ಹಾಗಾಗಿ ಅವನ ತಲೆ ಪೂರ್ತಿ ನರೆತ ಮೇಲೂ ಅವರ ಬಾಯಲ್ಲಿ ಅವನು "ಚಿಕ್ಕೋನೇ" ಆಗಿ ಉಳಿದಿದ್ದ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಉತ್ತರವೂ ಅವರದೇ. "ಹೆಣ್ಣು ನೋಡೋಕೆ ಅಂತ ಹೋಗ್ತಾನೆ, ಅವರ ಮನೆ ಗೇಟಿನ ಬೆಸುಗೆ ಸರಿಯಿಲ್ಲ ಅಂತ ಜಗಳ ಆಡ್ಕೊಂಡು ಬರ್ತಾನೆ. ಇವನಿಗೆ ಯಾರು ಕೊಡ್ತಾರೆ ಹೆಣ್ಣು?"

ಇನ್ನು ಅಣ್ಣನ ವಿಚಾರ. ಕಿಡಿಗೆ ಕಸುಬು ಕಲಿಸಿದ್ದು ಅಣ್ಣನೇ. ಕಡೆಯ ಕೆಲವು ವರ್ಷ ಅಣ್ಣನಿಗೆ ಕಣ್ಣು ಕಾಣುತ್ತಿರಲಿಲ್ಲ. ಒಮ್ಮೆಗೇ ಹೋದದ್ದಲ್ಲ. "ಎರಡೂ ಕಡೆಯಿಂದ ಯಾರೋ ಬಾಗಿಲು ಮುಚ್ಕೊಂಡು ಬರ್ತಿದಾರೆ ಕಣೋ" ಎಂದು ಅವನು ಮೊದಮೊದಲು ನಗುತ್ತಲೇ ಹೇಳಿದ್ದ. ಬಾಗಿಲು ಮುಚ್ಚುತ್ತ ಬಂತು, ನಡುವೆ ಒಂದು ಕಿಂಡಿ ಉಳಿಯಿತು, ಆಮೇಲೆ ಅದೂ ಇಲ್ಲವಾಯಿತು. ಬೀದಿಯವರು ತಲೆಯಾಡಿಸಿದರು. ಜೀವನವೆಲ್ಲ ಬೆಂಕಿ ನೋಡಿದವನಿಗೆ ಇನ್ನೇನಾಗುತ್ತೆ ಅಂದರು. ಅಣ್ಣನೂ ಹಾಗೇ ಅಂದುಕೊಂಡ, ತಮ್ಮನೂ ಹಾಗೇ ಅಂದುಕೊಂಡ.

ಬೆಕ್ಕು ಬಂದದ್ದು ಅಣ್ಣನ ಕಣ್ಣು ಪೂರ್ತಿ ಹೋದ ಮೇಲೆ. ಒಂದು ಮಧ್ಯಾಹ್ನ ಎಲ್ಲಿಂದಲೋ ಬಂದು ಅವನ ಮಡಿಲು ಹತ್ತಿ ಕೂತಿತು, ಅಷ್ಟೆ, ಮತ್ತೆ ಇಳಿಯಲಿಲ್ಲ. ಬಣ್ಣ ಯಾವುದು ಎಂದು ಅಣ್ಣ ಕೇಳಿದ. "ನಿಮ್ಮ ಶೆಡ್ಡಿನ ಮಸಿ ಬಣ್ಣ" ಎಂದರು ಅತ್ತಿಗೆ. ಅದೇ ಹೆಸರಾಯಿತು. ಕಣ್ಣು ಹೇಗಿದೆ ಎಂದು ಕೇಳಿದ. "ಎಳೆ ನಿಂಬೆಕಾಯಿ ಹಾಗೆ, ಹೊಳೀತಾ ಇದೆ" ಎಂದರು. ಅಣ್ಣ ಅದನ್ನು ಎಷ್ಟು ಸಲ ಕೇಳಿ ಹೇಳಿಸಿಕೊಂಡನೋ. ಯಾರೇ ಮನೆಗೆ ಬರಲಿ, "ನಮ್ಮ ಮಸಿ ಕಣ್ಣು ನೋಡಿದ್ರಾ? ನಿಂಬೆಕಾಯಿ ಬಣ್ಣ!" ಎಂದು ತಾನೇ ಕಂಡವನ ಹಾಗೆ ಜಂಬ ಕೊಚ್ಚುತ್ತಿದ್ದ. ಸಾಯುವ ಹೊತ್ತಿಗೆ ತಮ್ಮನ ಕೈ ಹಿಡಿದು ಹೇಳಿದ್ದೂ ಅದನ್ನೇ: "ಮಸೀನ ಜೋಪಾನ ಮಾಡೋ." ಹೆಂಡತಿಯನ್ನು ಜೋಪಾನ ಮಾಡು ಎಂದು ಹೇಳುವ ಅಗತ್ಯ ಆ ಮನೆಯಲ್ಲಿ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮಸಿ ಎಡಗಣ್ಣು ಮುಚ್ಚಿಕೊಂಡು ಎದ್ದಿತು.

ರೆಪ್ಪೆ ಊದಿತ್ತು, ಸಂದಿನಿಂದ ನೀರು ಸೋರುತ್ತಿತ್ತು. ಮುಂಗಾಲಿನಿಂದ ಕಣ್ಣು ಉಜ್ಜಿಕೊಳ್ಳುತ್ತ, ಬೆಳಕಿಗೆ ಮುಖ ತೋರಿಸದೆ ಮಂಚದ ಕೆಳಗೆ ಸೇರಿಕೊಂಡಿತು. ಹಾಲು ಇಟ್ಟರೆ ಮೂಸಿಯೂ ನೋಡಲಿಲ್ಲ. ಅತ್ತಿಗೆಗೆ ಜೀವ ಬಾಯಿಗೆ ಬಂತು.

"ಚಿಕ್ಕೋನೇ, ಬಾರೋ ಇಲ್ಲಿ! ಇದರ ಕಣ್ಣಿಗೆ ಏನೋ ಆಗಿದೆ. ಪ್ರಾಣಿ ಡಾಕ್ಟರ ಹತ್ರ ಹೋಗೋಣ ನಡಿ."

ಕಿಡಿ ಟೀ ಲೋಟ ಹಿಡಿದುಕೊಂಡೇ ಬಂದು ಮೊಣಕಾಲೂರಿ ನೋಡಿದ. ನೋಡಿದವನು ನಕ್ಕ.

"ಅಯ್ಯೋ, ಇಷ್ಟೇನಾ! ಬೆಳಕು ಹೊಡೆದಿದೆ ಅತ್ತಿಗೆ. ದಿನಾ ಆ ಕಿಟಕೀಲಿ ಕೂತು ನಾನು ಬೆಸೆಯೋದನ್ನೇ ನೋಡ್ತಾ ಇರುತ್ತೆ. ಇಷ್ಟು ದಿನ ಹೊಡೀದೆ ಇದ್ದದ್ದೇ ಹೆಚ್ಚು."

ಬೆಳಕು ಹೊಡೆಯುವುದೆಂದರೆ ಏನೆಂದು ಬೆಸುಗೆಯವರನ್ನು ಕೇಳಬೇಕು. ಕಪ್ಪುಗಾಜು ಹಿಡಿಯದೆ ಬೆಸುಗೆಯ ಬೆಳಕನ್ನು ನೋಡಿದರೆ ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಕೆಲಸ ಮುಗಿಸಿ, ಮನೆಗೆ ಹೋಗಿ, ಉಂಡು ಮಲಗಿದ ಮೇಲೆ ಕಣ್ಣೊಳಗೆ ಹಿಡಿ ಮರಳು ಸುರಿದ ಹಾಗೆ ಶುರುವಾಗುತ್ತದೆ. ಗಟ್ಟಿ ಗಂಡಸರೂ ಮಕ್ಕಳ ಹಾಗೆ ಅಳುತ್ತಾರೆ. ಗಾಜು ಹಿಡಿದೇ ಮಾಡಿ ಎಂದು ಹೇಳುವುದು ಸುಲಭ. ಒಂದು ಕೈಯಲ್ಲಿ ಸರಳು, ಇನ್ನೊಂದು ಕೈಯಲ್ಲಿ ಬೆಸುಗೆಯ ರಾಡು ಹಿಡಿದವನಿಗೆ ಗಾಜು ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಚೂರು ಬೆಸುಗೆಗೆ ಕಣ್ಣು ಕಿರಿದು ಮಾಡಿ ತಾಗಿಸಿಬಿಡುತ್ತಾರೆ. ಹಾಗೆ ದಿನವೂ ಎಷ್ಟೋ ಸಲ.

ಅದಕ್ಕೆ ಬೀದಿಯವರ ಬಳಿ ಒಂದು ಉಪಾಯವಿತ್ತು. ಔಷಧಿ ಅಂಗಡಿಯಲ್ಲಿ ಕೇಳಿದರೆ ಕೊಡುವ ಒಂದು ಪುಟ್ಟ ಬಾಟಲಿ, ನೀಲಿ ಮುಚ್ಚಳದ್ದು. ಎರಡು ಹನಿ ಬಿಟ್ಟರೆ ಬೆಳಿಗ್ಗೆಯ ಹೊತ್ತಿಗೆ ಕೆಂಪು ಮಾಯ, ಉರಿ ಮಾಯ. ಪ್ರತಿಯೊಬ್ಬನ ಅಂಗಿಯ ಜೇಬಿನಲ್ಲೂ ಅದು ಇರುತ್ತಿತ್ತು. ಅದನ್ನು ಯಾರೂ ಔಷಧಿ ಎಂದು ಲೆಕ್ಕಕ್ಕೆ ಹಿಡಿದವರಲ್ಲ. ಸುತ್ತಿಗೆ, ಇಕ್ಕಳ ಇದ್ದ ಹಾಗೆ ಅದೂ ಒಂದು. ಕಿಡಿಯಂತೂ ಈ ವಿಷಯದಲ್ಲಿ ಬೀದಿಗೇ ವೈದ್ಯ. ಯಾರಿಗೆ ಬೆಳಕು ಹೊಡೆದರೂ ಅವನ ಶೆಡ್ಡಿಗೆ ಬಂದು ತಲೆ ಮೇಲೆತ್ತಿ ಕೂರುತ್ತಿದ್ದರು. ಅವನ ಕೈ ಅಷ್ಟು ಹಗುರ, ಹನಿ ಬಿದ್ದದ್ದೂ ತಿಳಿಯುತ್ತಿರಲಿಲ್ಲ.

ಅಣ್ಣನಿಗೆ ದಿನವೂ ಹಾಕುತ್ತಿದ್ದವನು ಅವನೇ. ಸಂಜೆ ಕೆಲಸ ನಿಲ್ಲಿಸಿ ಕೈಕಾಲು ತೊಳೆದ ಮೇಲೆ ಅಣ್ಣ ಚಾಪೆಯ ಮೇಲೆ ಒರಗುವುದು, ಅತ್ತಿಗೆ ಅವನ ತಲೆಯನ್ನು ಮಡಿಲಲ್ಲಿ ಹಿಡಿಯುವುದು, ಕಿಡಿ ಬಗ್ಗಿ ಎರಡೆರಡು ಹನಿ ಬಿಡುವುದು. ಆಮೇಲೆ ತನಗೂ ಎರಡೆರಡು. ನೋಟ ಮಂಜಾಗತೊಡಗಿದಾಗ ಸಂಜೆ ಒಂದು ಹೊತ್ತು ಇದ್ದದ್ದು ಎರಡು ಹೊತ್ತಾಯಿತು, ಆಮೇಲೆ ಮೂರು ಹೊತ್ತು.

"ಬೆಕ್ಕಿಗೂ ಅದನ್ನೇ ಹಾಕ್ತೀಯಾ?" ಎಂದರು ಅತ್ತಿಗೆ.

"ಕಣ್ಣು ಅಂದ್ರೆ ಕಣ್ಣೇ ತಾನೇ. ಹಿಡ್ಕೊಳ್ಳಿ ನೀವು."

"ದೊಡ್ಡ ಕಣ್ಣಿನ ಡಾಕ್ಟರು ಬಂದ, ದಾರಿ ಬಿಡಿ ಎಲ್ಲ" ಎಂದು ಗೊಣಗುತ್ತಲೇ ಅವರು ಮಸಿಯನ್ನು ಟವೆಲಿನಲ್ಲಿ ಸುತ್ತಿ ತಲೆ ಹಿಡಿದರು. ಹನಿ ಬಿತ್ತು. ಮಸಿ ಒಮ್ಮೆ ಉಸ್ಸೆಂದು ಅತ್ತಿಗೆಯ ಮುಂಗೈ ಪರಚಿ ಮಂಚದ ಕೆಳಗೆ ನುಗ್ಗಿತು.

ಹನಿ ಕೆಲಸ ಮಾಡಿತು, ಅದೇ ಆದ ಅನಾಹುತ. ಮರುದಿನ ಮಸಿ ಅರ್ಧ ಕಣ್ಣು ಬಿಟ್ಟಿತು. ಅದರ ಮರುದಿನ ಹಾಲು ಕುಡಿಯಿತು, ಕಿಟಕಿ ಹತ್ತಿ ಕೂತಿತು. ಕೆಂಪು ಇಳಿದಿತ್ತು. ಕಿಡಿಯ ಮೀಸೆ ಮಣ್ಣಾಗಲಿಲ್ಲ ನೋಡಿ, ಅವನ ಬಾಯಿ ಕೇಳಬೇಕೇ!

"ನೋಡಿದ್ರಾ? ಡಾಕ್ಟರಂತೆ ಡಾಕ್ಟರು! ಬುಟ್ಟೀಲಿ ಹೊತ್ಕೊಂಡು ಹೋಗ್ಬೇಕಂತೆ!"

"ಆಯ್ತು ಮಹಾರಾಯ, ನೀನೇ ಗೆದ್ದೆ" ಎಂದರು ಅತ್ತಿಗೆ. ಅವರಿಗೆ ಬೆಕ್ಕು ಕಣ್ಣು ಬಿಟ್ಟದ್ದೇ ಸಾಕಾಗಿತ್ತು. ಗೆದ್ದ ಖುಷಿಯಲ್ಲಿ ಶೆಡ್ಡಿಗೆ ಹೊರಟ ಕಿಡಿ ಬಾಗಿಲಿನ ಚೌಕಟ್ಟಿಗೆ ಭುಜ ಬಡಿಸಿಕೊಂಡು, "ಈ ಬಾಗಿಲು ಇಷ್ಟು ಕಿರಿದು ಮಾಡಿದೋನು ಯಾವನು?" ಎಂದು ಬೈದ. "ನೀನೇ ಮಾಡಿದ್ದು. ಹುಟ್ಟಿದಾಗಿಂದ ಓಡಾಡೋ ಮನೇಲಿ ದಿನಾ ಗುದ್ದಿಸ್ಕೋತೀಯ, ನೆಟ್ಟಗೆ ನಡಿಯೋಕೆ ಏನು ರೋಗ?" ಎಂದರು ಅತ್ತಿಗೆ ಒಳಗಿನಿಂದ.

ಹನಿ ನಿಲ್ಲಿಸಲಿಲ್ಲ. ಪೂರ್ತಿ ವಾಸಿಯಾಗಲಿ ಎಂದು ಮುಂದುವರಿಸಿದರು. ವಾರ ಕಳೆಯುವಷ್ಟರಲ್ಲಿ ನಿಂಬೆಕಾಯಿ ಬಣ್ಣದ ಆ ಕಣ್ಣಿನ ಮೇಲೆ ಒಂದು ಮಬ್ಬು ಕೂತಿತು, ಉಸಿರು ಬಿಟ್ಟ ಗಾಜಿನ ಹಾಗೆ. ಅತ್ತಿಗೆ ಮತ್ತೆ ಡಾಕ್ಟರ ಮಾತೆತ್ತಿದರು. ಕಿಡಿ ಕಿವಿಗೇ ಹಾಕಿಕೊಳ್ಳಲಿಲ್ಲ. "ಸಾಲ್ತಾ ಇಲ್ಲ, ಅಷ್ಟೆ. ಇನ್ನೊಂದು ಹೊತ್ತು ಜಾಸ್ತಿ ಹಾಕೋಣ" ಎಂದ. ಇದೇ ಮಾತನ್ನು ಇದೇ ಚಾಪೆಯ ಮೇಲೆ ಹಿಂದೊಮ್ಮೆ ಹೇಳಿದ್ದು ಅವನಿಗೆ ನೆನಪಾಗಲಿಲ್ಲ.

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಕಬ್ಬಿಣ ಉಜ್ಜುವ ಗ್ರೈಂಡರಿನ ಸದ್ದನ್ನೂ ಮೀರಿ ಅತ್ತಿಗೆಯ ಕೂಗು ಕೇಳಿಸಿತು. ಓಡಿ ಬಂದು ನೋಡಿದರೆ ಮಸಿ ಗೋಡೆಗೆ ತಲೆ ಒತ್ತಿ ನಿಂತಿತ್ತು. ಎಡಗಣ್ಣಿನ ನಡುವೆ ಏನೋ ಕಪ್ಪಗೆ ಗುಳ್ಳೆಯಂತೆ ಹೊರಗೆ ಬಂದಿತ್ತು, ಕೆನ್ನೆಯ ರೋಮವೆಲ್ಲ ಒದ್ದೆ. ಜೇಬಿನ ಬಾಟಲಿಗೆ ಕಿಡಿಯ ಕೈ ಹೋಯಿತು, ಅಲ್ಲೇ ನಿಂತಿತು.

"ಬುಟ್ಟಿ ತಗೊಂಡು ಬಾ" ಎಂದರು ಅತ್ತಿಗೆ. ಅವರು ಬೈಯಲಿಲ್ಲ. ಅವರು ಬೈಯದೆ ಇದ್ದದ್ದು ಅವನಿಗೆ ಇನ್ನಷ್ಟು ಹೆದರಿಕೆ ತಂದಿತು.

ಬಟ್ಟೆಯ ಬುಟ್ಟಿಯನ್ನು ಎದೆಗವಚಿಕೊಂಡು ಅವನು ಮುಂದೆ, ಅತ್ತಿಗೆ ಹಿಂದೆ. ದೊಡ್ಡ ರಸ್ತೆ ದಾಟುವಾಗ ಪಕ್ಕದಿಂದ ಬಂದ ಬೈಕು ಮೈ ಸವರಿಕೊಂಡು ಹೋಯಿತು. "ಕಣ್ಣು ಕಾಣಲ್ವೇನ್ರೀ?" ಎಂದು ಬೈಕಿನವನು ಕೂಗಿದ. ಬೇರೆ ದಿನವಾಗಿದ್ದರೆ ಕಿಡಿ ಅವನ ಜನ್ಮ ಜಾಲಾಡಿಬಿಡುತ್ತಿದ್ದ. ಅಂದು ಬುಟ್ಟಿಯ ಮೇಲಿನ ಟವೆಲು ಸರಿಮಾಡಿ ಸುಮ್ಮನೆ ನಡೆದ.

ಪ್ರಾಣಿ ಆಸ್ಪತ್ರೆಯ ಡಾಕ್ಟರು ಎಳೆ ವಯಸ್ಸಿನ ಹೆಂಗಸು. ಮಸಿಯನ್ನು ಮೇಜಿನ ಮೇಲಿಟ್ಟು, ದುರ್ಬೀನಿನಂಥ ಏನೋ ಹಣೆಗೆ ಕಟ್ಟಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದರು.

"ಒಳಗೊಂದು ಕಬ್ಬಿಣದ ಚೂರು ಸಿಕ್ಕಿಕೊಂಡಿತ್ತು. ನೋಡಿ, ಸುತ್ತ ತುಕ್ಕು ಬಿಟ್ಟಿದೆ. ಮನೆ ಹತ್ರ ಕಬ್ಬಿಣದ ಕೆಲಸ ನಡೆಯುತ್ತಾ?"

ಕಿಡಿಗೆ ತನ್ನ ಕೆಲಸದ ಅಂಗಿ ನೆನಪಾಯಿತು. ಸಂಜೆ ಅದನ್ನು ಬಿಚ್ಚಿ ಮೂಲೆಗೆ ಎಸೆಯುತ್ತಿದ್ದ, ಮಸಿ ಅದರ ಮೇಲೆಯೇ ಮುಖ ಹುದುಗಿಸಿ ಮಲಗುತ್ತಿತ್ತು. ಬೆಳಕೂ ಇಲ್ಲ, ಗಿಳಕೂ ಇಲ್ಲ, ಗ್ರೈಂಡರಿನ ಪುಡಿ.

"ಇದಕ್ಕೆ ಏನಾದ್ರೂ ಔಷಧಿ ಹಾಕಿದ್ರಾ?"

"ಇಲ್ಲ" ಎಂದ ಕಿಡಿ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ಬಂದ ಉತ್ತರವೇ ಅದು.

"ಹಾಕಿದೀಯಲ್ಲೋ, ಆ ಬಾಟ್ಲಿ!" ಎಂದರು ಅತ್ತಿಗೆ. "ತೋರಿಸು ಅವರಿಗೆ."

ಡಾಕ್ಟರು ಬಾಟಲಿಯನ್ನು ತಿರುಗಿಸಿ ಓದಿದರು. ಅವರ ಮುಖ ಬಿಗಿಯಿತು. "ಇದರಲ್ಲಿ ಸ್ಟೀರಾಯ್ಡ್ ಇದೆ. ಕೆಂಪು ಇಳಿಸುತ್ತೆ, ನಿಜ. ಆದರೆ ಕಣ್ಣಲ್ಲಿ ಗಾಯ ಇರುವಾಗ ಹಾಕಿದ್ರೆ ಗಾಯ ಮಾಯೋದಿಲ್ಲ, ಒಳಗೊಳಗೇ ಕೊರೀತಾ ಹೋಗುತ್ತೆ. ಮೊದಲನೇ ದಿನವೇ ಬಂದಿದ್ರೆ ಚೂರು ತೆಗೆದು ಕಣ್ಣು ಉಳಿಸಬಹುದಿತ್ತು. ಈಗ ತೂತು ಬಿದ್ದಿದೆ. ಕಣ್ಣು ತೆಗೀಲೇಬೇಕು, ಇಲ್ಲಾಂದ್ರೆ ಜೀವಕ್ಕೇ ಕುತ್ತು."

ಅತ್ತಿಗೆ ಮಸಿಯ ತಲೆಯ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಖಾಲಿ ಬುಟ್ಟಿ ಎತ್ತಿಕೊಂಡು ಹೊರಗೆ ಹೋದರು.

ಡಾಕ್ಟರು ಬಾಟಲಿಯನ್ನು ವಾಪಸು ಕೊಡುತ್ತ, "ಇದು ಯಾರಿಗೆ ಬರೆದುಕೊಟ್ಟಿದ್ದು?" ಎಂದು ಕೇಳಿದರು.

"ಬರೆದುಕೊಟ್ಟಿದ್ದಲ್ಲ. ನಾವು ಬೆಸುಗೆಯವರು. ಬೆಳಕು ಹೊಡೆದಾಗ ಹಾಕ್ಕೋತೀವಿ."

"ಆ ಉರಿ ಒಂದೆರಡು ದಿನಕ್ಕೆ ತಾನಾಗೇ ಹೋಗುತ್ತೆ. ಇದನ್ನ ಹಾಕದೆ ಇದ್ರೂ ಹೋಗುತ್ತೆ." ಅವರು ಕೈಗವಸು ಎಳೆದುಕೊಂಡರು. "ನಾನು ಮನುಷ್ಯರ ಡಾಕ್ಟರಲ್ಲ. ಆದ್ರೂ ಹೇಳ್ತೀನಿ. ವರ್ಷಗಟ್ಟಲೆ ಹಾಕ್ಕೊಂಡ್ರೆ ಕಣ್ಣೊಳಗಿನ ಒತ್ತಡ ಏರುತ್ತೆ, ನರ ಸಾಯುತ್ತೆ. ನೋವೇನೂ ಇರಲ್ಲ. ನೋಟ ಅಕ್ಕಪಕ್ಕದಿಂದ ಹೋಗ್ತಾ ಬರುತ್ತೆ, ಕೊನೆಗೆ ನಡುವಿಂದೂ ಹೋಗುತ್ತೆ. ಹೋದದ್ದು ಮತ್ತೆ ಬರೋದಿಲ್ಲ. ನೀವು ಕಣ್ಣಿನ ಆಸ್ಪತ್ರೆಗೆ ಹೋಗಿ ತೋರಿಸಿ."

"ಅಕ್ಕಪಕ್ಕದಿಂದಾನಾ?" ಎಂದ ಕಿಡಿ.

"ಹೌದು. ಬಾಗಿಲು ಮುಚ್ಕೊಂಡು ಬಂದ ಹಾಗೆ ಅಂತಾರೆ."

ಅಣ್ಣನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದವನು ಅವನೇ. ನಡುವಿನ ಕಿಂಡಿಯಷ್ಟು ಇನ್ನೂ ಉಳಿದಿದ್ದಾಗಿನ ಮಾತು. ಅಲ್ಲಿನ ವಯಸ್ಸಾದ ಡಾಕ್ಟರು ಅಣ್ಣನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ನರ ಒಣಗುತ್ತಿದೆ ಎಂದು ಹೇಳಿ, "ಯಾವುದಾದರೂ ಔಷಧಿ ಹಾಕ್ತಾ ಇದ್ದಾರಾ?" ಎಂದು ಕೇಳಿದ್ದರು. ಅಣ್ಣ ಬಾಯಿ ತೆರೆಯುವ ಮೊದಲೇ, "ಏನೂ ಇಲ್ಲ ಡಾಕ್ಟ್ರೇ" ಎಂದಿದ್ದವನು ಕಿಡಿ. ಬಾಟಲಿ ಆಗಲೂ ಅವನ ಜೇಬಿನಲ್ಲಿತ್ತು. ಅವರು ಏನೋ ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿಸಿ, ಅಂದು ಸಂಜೆಯೂ ಅಣ್ಣನನ್ನು ಚಾಪೆಯ ಮೇಲೆ ಒರಗಿಸಿ ಎರಡೆರಡು ಹನಿ ಬಿಟ್ಟಿದ್ದ. ಯಾಕೆ ಬಿಟ್ಟ? ಅಣ್ಣನ ಮೇಲೆ ಪ್ರಾಣವನ್ನೇ ಇಟ್ಟಿದ್ದನಲ್ಲ, ಅದಕ್ಕೇ ಬಿಟ್ಟ!

ಹೊರಗೆ ಬಂದಾಗ ಅತ್ತಿಗೆ ಉದ್ದನೆಯ ಬೆಂಚಿನ ಮೇಲೆ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವನನ್ನು ಕಂಡ ಕೂಡಲೇ ತಡೆದಿಟ್ಟ ಕೋಪವೆಲ್ಲ ಒಡೆಯಿತು.

"ಬಡ್ಕೊಂಡೆನಲ್ಲೋ ನಾನು, ಮೊದಲನೇ ದಿನವೇ ಬಡ್ಕೊಂಡೆ! ನಿನ್ನ ವೈದ್ಯಕ್ಕೆ ಬೆಂಕಿ ಬೀಳ! ಆ ಬಾಯಿಲ್ಲದ್ದು ಏನು ಪಾಪ ಮಾಡಿತ್ತು? ನಿಮ್ಮಣ್ಣ ಇದ್ದಿದ್ರೆ ನಿನ್ನ ಬೆನ್ನು ಮುರೀತಿದ್ರು."

"ಅತ್ತಿಗೆ."

"ಏನು ಅತ್ತಿಗೆ?"

ಅವನು ಅವರ ಪಕ್ಕದಲ್ಲಿ ಕೂತ. ಹೇಳದೆ ಇರಬಹುದಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಈ ಹೆಂಗಸಿನಿಂದ ಅವನು ಎಂದೂ ಏನನ್ನೂ ಮುಚ್ಚಿಟ್ಟವನಲ್ಲ. ಕದ್ದು ತಿಂದ ಬೆಲ್ಲವನ್ನೂ ತಾನೇ ಬಂದು ಒಪ್ಪಿಸಿ ಬೈಸಿಕೊಂಡವನು. ಬಾಟಲಿಯನ್ನು ತೆಗೆದು ಇಬ್ಬರ ನಡುವೆ ಬೆಂಚಿನ ಮೇಲೆ ಇಟ್ಟ.

"ಅಣ್ಣನ ಕಣ್ಣು ಬೆಂಕಿಯಿಂದ ಹೋಗಿದ್ದಲ್ಲ ಅತ್ತಿಗೆ. ಇದರಿಂದ."

ಅತ್ತಿಗೆ ಬಾಟಲಿಯನ್ನು ನೋಡಿದರು. ಅವನನ್ನು ನೋಡಿದರು. "ಸುಮ್ನಿರೋ. ಆಯಮ್ಮ ನಾಯಿ ಬೆಕ್ಕಿನ ಡಾಕ್ಟರು. ಮನುಷ್ಯರದು ಅವರಿಗೇನು ಗೊತ್ತು?"

"ಬಾಗಿಲು ಮುಚ್ಕೊಂಡು ಬಂದ ಹಾಗೆ ಅಂದ್ರು. ನಾನು ಹೇಳಲಿಲ್ಲ, ಅವರೇ ಅಂದ್ರು."

ಒಳಗೆಲ್ಲೋ ಒಂದು ನಾಯಿ ಬೊಗಳಿ ಸುಮ್ಮನಾಯಿತು. ಅತ್ತಿಗೆ ಯಾರಿಗೋ ಹೇಳುವವರ ಹಾಗೆ ಅಂದರು, "ಕೊನೆಕೊನೆಗೆ ಅವರು ಸಾಕು ಬಿಡ್ರೋ, ಬೇಡ ಅಂತಿದ್ರು. ಅಲ್ಲಾಡಬೇಡಿ ಅಂತ ನಾನೇ ಗದರ್ತಿದ್ದೆ. ತಲೆ ಗಟ್ಟಿಯಾಗಿ ಹಿಡ್ಕೊಂಡಿದ್ದೋಳು ನಾನು."

"ಹಾಕಿದ್ದು ನಾನು ಅತ್ತಿಗೆ. ನೀವಲ್ಲ, ನಾನು!" ಬೀದಿಗೆಲ್ಲ ಕೇಳುವಂತೆ ಹಾರಾಡುವ ಗಂಡಸು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ. ಅತ್ತಿಗೆ ಸಮಾಧಾನ ಮಾಡಲಿಲ್ಲ. ಅವರ ಕೈ ಬುಟ್ಟಿಯ ಅಂಚನ್ನು ಹಿಡಿದಿತ್ತು.

ಅವನ ಅಳು ತಗ್ಗಿದ ಮೇಲೆ ಅವರು ಮೆಲ್ಲನೆ ಅವನ ಕಡೆ ತಿರುಗಿದರು. "ಚಿಕ್ಕೋನೇ, ನೀನೂ ಹಾಕ್ಕೋತೀಯಲ್ಲ."

ಅವನು ಹೌದೆಂದು ತಲೆಯಾಡಿಸಿದ.

"ಬಾಗಿಲಿಗೆ ದಿನಾ ಗುದ್ದಿಸ್ಕೋತೀಯ. ಇವತ್ತು ಆ ಬೈಕು ನಿನಗೆ ಕಾಣಲಿಲ್ಲ, ಅಲ್ವಾ?"

"ಪಕ್ಕದಿಂದ ಬಂತಲ್ಲ ಅತ್ತಿಗೆ. ಪಕ್ಕದಿಂದ ಬಂದ್ರೆ ಯಾರಿಗೆ ಕಾಣುತ್ತೆ?"

ಅತ್ತಿಗೆ ಬುಟ್ಟಿಯನ್ನು ಕೆಳಗಿಟ್ಟರು. "ಎದುರಿಗೆ ಗೋಡೆ ಮೇಲೆ ಒಂದು ಚಿತ್ರ ಇದೆ, ಅದನ್ನೇ ನೋಡು. ತಲೆ ತಿರುಗಿಸಬೇಡ. ನಾನು ಕೈ ಎತ್ತುತೀನಿ. ಕಂಡ ಕೂಡಲೇ ಹೇಳು."

ಅವನು ನೆಟ್ಟಗೆ ಕೂತು ನೋಡಿದ. ಚಿತ್ರದಲ್ಲಿ ಒಂದು ಬೆಕ್ಕಿತ್ತು, ಎರಡೂ ಕಣ್ಣು ಅಗಲಿಸಿ ಅವನನ್ನೇ ನೋಡುತ್ತಿತ್ತು. ಅವನು ರೆಪ್ಪೆ ಮಿಟುಕಿಸದೆ ಕಾದ. ಒಳಗೆ ತಟ್ಟೆಯ ಮೇಲೆ ಕತ್ತರಿಯೋ ಚಿಮಟವೋ ಇಟ್ಟ ಸದ್ದಾಯಿತು.

"ಎತ್ತಿ ಅತ್ತಿಗೆ" ಎಂದ.

ಅತ್ತಿಗೆ ಮಾತಾಡಲಿಲ್ಲ.

"ನೋಡ್ತಾನೇ ಇದೀನಿ. ಯಾಕೆ ತಡ? ಎತ್ತಿ."

ಅವನ ಕೆನ್ನೆಯ ಪಕ್ಕದಲ್ಲಿ ಆಗಲೇ ಎತ್ತಿ ಹಿಡಿದಿದ್ದ ಕೈಯನ್ನು ಅತ್ತಿಗೆ ಇನ್ನೂ ಇಳಿಸಿರಲಿಲ್ಲ.